ವಿದೇಶದಾಗ ಪರಿಸರ ವಿಜ್ಞಾನ? ಮೊದಲ ಖಾನಾಪುರ ನೋಡ್ರಿ!

ಒಂದು ಸೆಮಿಸ್ಟರ್ ವಿದೇಶದಾಗ ಪರಿಸರ ವಿಜ್ಞಾನ ಓದಬೇಕಂತ ಆಸೆ ಐತೇನು? ದಾರಿ ಐತಿ. ಯುಜಿಸಿ 2022ರ ನಿಯಮದಾಗ ‘ಟ್ವಿನಿಂಗ್’ ಪದವಿ ಅಂತ ಐತಿ. ಒಟ್ಟು ಕ್ರೆಡಿಟ್‌ನಾಗ ಶೇ 30ರವರೆಗೆ ವಿದೇಶಿ ವಿಶ್ವವಿದ್ಯಾಲಯದಾಗ ಗಳಿಸಬಹುದು. ಆದ್ರ ಎರಡೂ ಕಡೆ ಒಪ್ಪಂದ ಆಗಿರಬೇಕು.

ಅಲ್ಲಿ ಹೋದಮ್ಯಾಲ ಎಲ್ಲಾರೂ ಕೇಳತಾರ, ‘ನಿಮ್ಮೂರಾಗ ಏನೈತಿ?’ ಉತ್ತರ ಬೇಕಂದ್ರ ಬೆಳಗಾವಿ ಹತ್ರದ ಪೀರನವಾಡಿಯಿಂದ ಖಾನಾಪುರ ರಸ್ತೆ ಹಿಡೀರಿ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಾಗ ಹುಟ್ಟೋ ಮಲಪ್ರಭಾ ಪೂರ್ವಕ್ಕ ಹರಿದು, ಕೃಷ್ಣಾ ಕೂಡಿ ಬಂಗಾಳ ಕೊಲ್ಲಿ ಸೇರತಾಳ. ಅದ ತಾಲ್ಲೂಕಿನ ಮಹದಾಯಿ ಪಶ್ಚಿಮಕ್ಕ ತಿರುಗಿ, ಗೋವಾ ದಾಟಿ ಅರಬ್ಬಿ ಸಮುದ್ರ ಸೇರತಾಳ. ಒಂದ ತಾಲ್ಲೂಕು, ಎರಡು ಸಮುದ್ರ!

ಇದ ತಾಲ್ಲೂಕಿನ ಭೀಮಗಡ ಕಾಡು 2011ರಾಗ ವನ್ಯಜೀವಿ ಧಾಮ ಆತು. ಅಲ್ಲಿ ಬಾರಾಪೆಡೆ ಗುಹೆಯೊಳಗ ರಾಟನ್ ಬಾವಲಿ ಐತಿ. 1913ರಾಗ ಅದನ್ನ ವಿಜ್ಞಾನಕ್ಕ ಪರಿಚಯಿಸಿದವರು ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್. ಭಾಳ ದಶಕ ಜಗತ್ತಿನಾಗ ಇದೊಂದ ನೆಲೆ ಅಂತಿದ್ರು. ಆಮ್ಯಾಲ ಮೇಘಾಲಯದಾಗೂ ಕಾಂಬೋಡಿಯಾದಾಗೂ ಸಿಕ್ಕಿತು.

ಬಾವಲಿ ಗುಹೆಗೆ ನುಗ್ಗಬ್ಯಾಡ್ರಿ, ಅವಕ್ಕ ತೊಂದ್ರಿ ಆಗತೈತಿ. ಕಾಡಿಗೆ ಹೋಗೋದಾದ್ರ ಅರಣ್ಯ ಇಲಾಖೆ ಅನುಮತಿ ತಗೋರಿ. ವಿದೇಶಕ್ಕ ಅರ್ಜಿ ಹಾಕೋವಾಗ ನಿಮ್ಮ ತಾಲ್ಲೂಕಿನ ಮ್ಯಾಲ ಒಂದು ಸಣ್ಣ ಅಧ್ಯಯನ ಜೋಡಿಸ್ರಿ. ಓದೋ ಗೆಳ್ಯಾರಿಗೆ ಈ ರೀಲ್ ಕಳಿಸ್ರಿ.