ಉಪ್ಪೂ ಸಿಹಿಯೂ ಬೆರೆತ ನೀರಿನಲ್ಲಿ

ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಆಳಕ್ಕೆ ಧುಮುಕಿ, ಅಣೆಕಟ್ಟುಗಳ ಹಂಗಿಲ್ಲದೆ ಕುಮಟಾ ತಾಲೂಕಿನಲ್ಲಿ ಕಡಲನ್ನು ಸೇರುವ ಅಘನಾಶಿನಿಗೆ ನಮ್ಮ ಕಥೋಲಿಕ ಮನೆಗಳಲ್ಲಿ ಎರಡು ಕರೆಗಳಿವೆ. ಅಜ್ಜಿಯ ಬಾಯಲ್ಲಿ ಅದು ‘ನ್ಹಂಯ್’. ಶಾಲೆಯಿಂದ ಮರಳಿದ ಮೊಮ್ಮಗನ ಬಾಯಲ್ಲಿ ‘ಹೊಳೆ’. ಒಂದೇ ಜಗಲಿಯ ಮೇಲೆ ಮಗ್ಗಿ ಕನ್ನಡದಲ್ಲಿ ಸಾಗುತ್ತದೆ, ಸಂಜೆಯ ಜಪಸರ ಕೊಂಕಣಿಯಲ್ಲಿ. ಬೇಸಿಗೆಯ ರಜೆಗೆಂದು ಮುಂಬಯಿಯಿಂದಲೋ ಕೊಲ್ಲಿ ರಾಷ್ಟ್ರಗಳಿಂದಲೋ ಬರುವ ಮಕ್ಕಳಿಗಂತೂ ಈ ಎರಡೂ ಅರ್ಧಂಬರ್ಧ. ಅವರು ಹೊಳೆಯ ದಂಡೆಯಲ್ಲಿ ಅತಿಥಿಗಳಂತೆ ನಿಲ್ಲುವುದನ್ನು ನಾವು ವರ್ಷವರ್ಷವೂ ಕಾಣುತ್ತಿದ್ದೇವೆ.

‘ನಾವು ಎಲ್ಲಿಯವರು?’ ಎಂಬ ಪ್ರಶ್ನೆ ಈ ಮಕ್ಕಳಿಗೆ ಮಾತ್ರ ಸೇರಿದುದಲ್ಲ. ನಮ್ಮ ಪೂರ್ವಜರಲ್ಲಿ ಬಹುಮಂದಿ 16ನೆಯ ಶತಮಾನದಿಂದೀಚೆಗೆ ಗೋವೆಯಿಂದ ತಂಡತಂಡವಾಗಿ ಕೆನರಾ ಕರಾವಳಿಗೆ ಬಂದವರು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. 1799ರ ಬಳಿಕ ಉಳಿದವರು ಹಿಂದಿರುಗಿದರು. ಅವರು ಮರಳಿ ಬಂದುದು ಗೋವೆಗಲ್ಲ, ಇದೇ ಹೊಳೆ-ಕಡಲುಗಳ ಮಗ್ಗುಲಿಗೆ ಎಂಬುದನ್ನು ನಾವು ಸಾಕಷ್ಟು ಚಿಂತಿಸಿಲ್ಲ. ಇಂದಿಗೂ ಕೆಲವರಿಗೆ ನಾವು ಗೋವೆಯವರು; ಗೋವೆಯವರಿಗಾದರೋ ಕೆನರಾದವರು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವ ಕಾಲಕ್ಕೆ ನಮಗೆ ಹೆರಾಕ್ಲಿಟಸನ ಪರಿಚಯವಾಯಿತು. ಒಂದೇ ಹೊಳೆಗೆ ಎರಡು ಬಾರಿ ಇಳಿಯಲಾಗದು ಎಂಬ ಮಾತು ಅವನ ಹೆಸರಿನಲ್ಲಿ ಪ್ರಸಿದ್ಧ. ಅವನ ಊರಾದ ಎಫೆಸ ಏಜಿಯನ್ ಕಡಲ ತೀರದಲ್ಲಿತ್ತು. ಅಲ್ಲಿ ಉಬ್ಬರವಿಳಿತ ಬಹಳ ಸಣ್ಣದು. ಆತ ಅಘನಾಶಿನಿಯ ಅಳಿವೆಯಲ್ಲಿ ಒಂದು ಹಗಲು ಕುಳಿತಿದ್ದರೆ, ಬೆಳಿಗ್ಗೆ ಇಳಿದುಹೋದ ನೀರಿನ ಒಂದು ಪಾಲು ಮಧ್ಯಾಹ್ನ ಭರ್ತಿಯೊಡನೆ ಹಿಂದಕ್ಕೆ ಬರುವುದನ್ನು ಕಂಡು ತನ್ನ ಮಾತಿಗೆ ಒಂದು ಟಿಪ್ಪಣಿಯನ್ನಾದರೂ ಸೇರಿಸುತ್ತಿದ್ದನೇನೋ! ಹೋದುದು ಇಲ್ಲಿ ಮರಳುತ್ತದೆ. ಆದರೆ ಬೆರೆತು ಮರಳುತ್ತದೆ.

ಆ ಬೆರಕೆಯನ್ನು ಕಳಪೆಯೆಂದು ತಿಳಿಯಬೇಕಾಗಿಲ್ಲ. ಕಾಂಡ್ಲಾ ಗಿಡಗಳು ಬೇರೂರಿರುವುದು, ಚಿಪ್ಪೆಕಲ್ಲು ಬೆಳೆಯುವುದು ಈ ಬೆರಕೆ ನೀರಿನಲ್ಲಿಯೇ. ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ನಿಂತು ಅದನ್ನು ಆರಿಸುವ ಕೈಗಳು ಒಂದೇ ಜಾತಿಯವಲ್ಲ, ಒಂದೇ ಮನೆಮಾತಿನವೂ ಅಲ್ಲ. ಗಜನಿ ಗದ್ದೆಗಳ ಕಗ್ಗ ಭತ್ತವು ಮಳೆ ತೊಳೆದುಳಿದ ಉಪ್ಪನ್ನು ಸಹಿಸಿಯೇ ತೆನೆ ಕಟ್ಟುತ್ತದೆ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದುದು ಇಂಥ ಸಮೃದ್ಧಿಗಾಗಿಯೇ.

ಆದುದರಿಂದ ನಮ್ಮ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ: ಮಕ್ಕಳನ್ನು ಹೊಳೆಗಿಳಿಸಿರಿ. ನಗರದ ಈಜುಕೊಳದಲ್ಲಿ ಕೈಕಾಲು ಬಡಿಯಲು ಕಲಿತ ಮಗು ಇಲ್ಲಿ ಮತ್ತೆ ಒಂದನೆಯ ತರಗತಿಗೆ ಸೇರಬೇಕಾಗುತ್ತದೆ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿ, ಎದೆಯಡಿಗೆ ಕೊಟ್ಟು, ನೆರೆಮನೆಯ ಅಂಬಿಗರ ಹುಡುಗನೋ ಹರಿಕಂತ್ರರ ಹಿರಿಯನೋ ಗದ್ದ ಹಿಡಿದು ನಡೆಸುವಾಗ ಅದಕ್ಕೆ ಸುಳಿ, ಸೆಳೆತ, ನೆಲೆ ಎಂಬ ಮಾತುಗಳು ಪುಸ್ತಕವಿಲ್ಲದೆಯೇ ಮೈಗೆ ಹತ್ತುತ್ತವೆ. ಗುಟುಕರಿಸಿದ ನೀರು ಉಪ್ಪೋ ಸಿಹಿಯೋ ಎಂದು ನಾಲಗೆಯೇ ಹೇಳುತ್ತದೆ. ವ್ಯಾಕರಣದ ತಪ್ಪಿಗೆ ದಂಡೆಯ ಮೇಲೆ ನಗುವವರಿದ್ದಾರು. ನೀರಿನಲ್ಲಿ ಅದಕ್ಕೆ ಯಾರಿಗೂ ಬಿಡುವಿಲ್ಲ. ಅಘನಾಶಿನಿ ಎಂದರೆ ಪಾಪವನ್ನು ನಾಶಗೊಳಿಸುವವಳು. ಪಾಪದ ಮಾತನ್ನು ನಾವು ಪಾಪನಿವೇದನೆಯ ಸಂಸ್ಕಾರಕ್ಕೇ ಬಿಡುತ್ತೇವೆ. ಪರಕೀಯತೆಯನ್ನು ತೊಳೆಯುವ ಕೆಲಸವನ್ನಾದರೂ ಈ ಹೊಳೆಗೆ ಒಪ್ಪಿಸಬಹುದು.

ತಾಯಂದಿರ ಭಯ ನಿರಾಧಾರವೆಂದು ನಾವು ಹೇಳಲಾರೆವು. ಇಳಿತದ ಸೆಳೆತ ನೇರ ಅಳಿವೆಯ ಬಾಯಿಗೆ ಒಯ್ಯುತ್ತದೆ. ಒಳ್ಳೆಯ ಈಜುಗಾರನೂ ಅದರೆದುರು ಸೋಲುತ್ತಾನೆ. ಮಕ್ಕಳು ಒಂಟಿಯಾಗಿ ಇಳಿಯಬಾರದು, ದೋಣಿಯವರನ್ನು ಕೇಳದೆ ಇಳಿಯಬಾರದು, ಮಳೆಗಾಲದಲ್ಲಿ ಇಳಿಯಲೇಬಾರದು. ಭರ್ತಿ ತುಂಬಿ ನೀರು ಅತ್ತಲೂ ಇತ್ತಲೂ ಹರಿಯದೆ ನಿಲ್ಲುವ ಸ್ವಲ್ಪ ಹೊತ್ತು ಇದೆಯಲ್ಲ, ಕಲಿಯುವವರಿಗೆ ಅದೇ ಪ್ರಶಸ್ತ. ದಿನದಿನಕ್ಕೂ ಆ ಗಳಿಗೆ ಮುಕ್ಕಾಲು ತಾಸಿನಷ್ಟು ಮುಂದಕ್ಕೆ ಸರಿಯುವುದರಿಂದ, ನಾಳೆಯ ಹೊತ್ತನ್ನು ಇಂದೇ ನೆರೆಮನೆಗೆ ಹೋಗಿ ಕೇಳಿಕೊಂಡು ಬರಬೇಕು. ಮಗುವನ್ನೇ ಕಳುಹಿಸಿರಿ, ಅದಕ್ಕೆ ಬರುವ ಕನ್ನಡದಲ್ಲಿ ಅದೇ ಕೇಳಲಿ.