ಎರಡು ಮಿಲಿಗ್ರಾಂ ಲೆಕ್ಕ

65, 72, 78. ಸ್ಕಿಜೋಫ್ರೇನಿಯಾ ಔಷಧದ ಅರ್ಧ ಕಥೆ ಈ ಮೂರು ಅಂಕಿಗಳಲ್ಲಿದೆ. ಟೊರಾಂಟೊದಲ್ಲಿ ಶಿತಿಜ್ ಕಪೂರ್ ಮತ್ತು ಸಂಗಡಿಗರು, ಮೊದಲ ಸಲ ಕಾಯಿಲೆಗೆ ಬಿದ್ದಿದ್ದ 22 ಮಂದಿಗೆ ಹ್ಯಾಲೊಪೆರಿಡಾಲ್ ಕೊಟ್ಟು ಪೆಟ್ ಸ್ಕ್ಯಾನ್ ಮಾಡಿದರು. ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಮಿದುಳಿನ ಸಂದೇಶವಾಹಕ ಡೋಪಮಿನ್ ಬಂದು ಕೂರುವ ಡಿ2 ರಿಸೆಪ್ಟರ್‌ಗಳಲ್ಲಿ ಶೇ 65ರಷ್ಟನ್ನು ಔಷಧ ಹಿಡಿದುಕೊಂಡರೆ ಗುಣ ಕಾಣುವ ಸಾಧ್ಯತೆ ಹೆಚ್ಚು. ಶೇ 72 ದಾಟಿದರೆ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುತ್ತದೆ: ಹೆಂಗಸರಿಗೆ ಮುಟ್ಟು ನಿಲ್ಲಬಹುದು, ಎದೆಯಲ್ಲಿ ಹಾಲು ಒಸರಬಹುದು. ಶೇ 78 ದಾಟಿದರೆ ಕೈ ನಡುಕ, ಮೈ ಬಿಗಿತ, ಕೂತಲ್ಲಿ ಕೂರಲಾಗದ ಚಡಪಡಿಕೆ. ಗುಣಕ್ಕೂ ಈ ಕಾಟಕ್ಕೂ ನಡುವೆ ಇರುವುದು 13 ಅಂಕಗಳಷ್ಟು ಜಾಗ.

ಅಷ್ಟು ಹಿಡಿತಕ್ಕೆ ಬಹಳ ಮಂದಿಗೆ ದಿನಕ್ಕೆ 2 ಮಿಲಿಗ್ರಾಂ ಆಸುಪಾಸು ಸಾಕು. ಆದರೆ 1990ರ ದಶಕದ ಮೊದಲಲ್ಲಿ ರಿಸ್ಪೆರಿಡೋನ್ ಎಂಬ ಹೊಸ ಔಷಧವನ್ನು ಅಮೆರಿಕದಲ್ಲಿ ಪರೀಕ್ಷೆಗೆ ಒಡ್ಡಿದಾಗ, ಹೋಲಿಕೆಗೆ ಇಟ್ಟ ಹ್ಯಾಲೊಪೆರಿಡಾಲ್ ದಿನಕ್ಕೆ 20 ಮಿಲಿಗ್ರಾಂ. ಹೊಸದರಲ್ಲಿ ನಡುಕ ಕಡಿಮೆ ಎಂದು ತೋರಿಸಲು ಇದಕ್ಕಿಂತ ಸುಲಭದ ಎದುರಾಳಿ ಬೇಕೆ? ಹಾಗೆಂದು ಯಾರೂ ತಮ್ಮ ಗುಳಿಗೆಯನ್ನು ತಾವೇ ಅರ್ಧ ಮಾಡಿಕೊಳ್ಳುವಂತಿಲ್ಲ. ಕಪೂರ್ ಅವರ ರೋಗಿಗಳಿಗೆ ಮೊದಲು ಕೊಟ್ಟಿದ್ದು 1 ಇಲ್ಲವೇ 2.5 ಮಿಲಿಗ್ರಾಂ ಮಾತ್ರ. ಆದರೂ ರಿಸೆಪ್ಟರ್ ಹಿಡಿತ ಒಬ್ಬರಲ್ಲಿ ಶೇ 38, ಇನ್ನೊಬ್ಬರಲ್ಲಿ ಶೇ 87. ಡೋಸು ಡಾಕ್ಟರ ಕೈಯಲ್ಲೇ ಇರಬೇಕು.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಡೋಪಮಿನ್ ತಯಾರಿಸುವವು 4ರಿಂದ 6 ಲಕ್ಷ. ಅಂದರೆ ಲಕ್ಷಕ್ಕೆ ಒಂದೂ ಇಲ್ಲ. ಈ ಪುಟ್ಟ ಗುಂಪು ಉತ್ಸಾಹ, ಚಲನೆ, ಹಾರ್ಮೋನು ಎಲ್ಲದಕ್ಕೂ ಕೈ ಹಾಕಿದೆ. ಔಷಧಕ್ಕೆ ರಕ್ತದಲ್ಲಿ ವಿಳಾಸ ಬರೆದುಕೊಟ್ಟಿರುವುದಿಲ್ಲ. ಭ್ರಮೆಗೆ ಕಾರಣವಾದ ಹಾದಿಯಲ್ಲೂ, ಕೈಕಾಲು ಆಡಿಸುವ ಹಾದಿಯಲ್ಲೂ, ಹಾರ್ಮೋನಿನ ಹಾದಿಯಲ್ಲೂ ಅದು ಕೂರುತ್ತದೆ. 72 ಮತ್ತು 78ರ ತಕರಾರು ಹುಟ್ಟುವುದು ಅಲ್ಲಿಂದ.

ಗುಳಿಗೆಯ ತೂಕದ ರಹಸ್ಯವೂ ಇಲ್ಲೇ ಇದೆ. 1952ರಲ್ಲಿ ಪ್ಯಾರಿಸ್ಸಿನ ಸಾಂತ್-ಆನ್ ಆಸ್ಪತ್ರೆಯಲ್ಲಿ ಮನೋವೈದ್ಯರಾದ ಡೆಲೆ ಮತ್ತು ಡೆನಿಕರ್ ಬಳಸಿದ ಹಳೆಯ ಔಷಧ ಕ್ಲೋರ್‌ಪ್ರೊಮಜೀನ್ 100 ಮಿಲಿಗ್ರಾಂ ಮಾಡುವ ಕೆಲಸವನ್ನು ಹ್ಯಾಲೊಪೆರಿಡಾಲ್ ಸುಮಾರು 2 ಮಿಲಿಗ್ರಾಂನಲ್ಲಿ ಮಾಡುತ್ತದೆ. ಯಾಕೆಂದು 1976ರಲ್ಲಿ ಗೊತ್ತಾಯಿತು: ರಿಸೆಪ್ಟರನ್ನು ಗಟ್ಟಿಯಾಗಿ ಹಿಡಿಯುವ ಔಷಧಕ್ಕೆ ಡೋಸು ಕಡಿಮೆ ಸಾಕು.

ಆದರೆ ತೊಂದರೆಯ ಮೂಲ ರಿಸೆಪ್ಟರಿನಲ್ಲಿಲ್ಲ. ಕಾಯಿಲೆಯಲ್ಲಿ ಏರಿರುವುದು ಡೋಪಮಿನ್ ತಯಾರಿಕೆ ಮತ್ತು ಬಿಡುಗಡೆ. ಕೆರೆಯ ತೂಬಿನಲ್ಲಿ ಹರಿಯುವ ನೀರನ್ನು ಗದ್ದೆಯ ಬದುವಿನಲ್ಲಿ ತಡೆದ ಹಾಗೆ ಔಷಧದ ಕೆಲಸ. ಬದು ಒಡೆದರೆ ನೀರು ಮತ್ತೆ ಒಳಗೆ. 65 ಅಧ್ಯಯನಗಳ 6,493 ರೋಗಿಗಳ ಲೆಕ್ಕ ಹಾಕಿದ 2012ರ ಲ್ಯಾನ್ಸೆಟ್ ವಿಶ್ಲೇಷಣೆ ಇದಕ್ಕೆ ಸಾಕ್ಷಿ. ಗುಳಿಗೆ ಮುಂದುವರಿಸಿದವರಲ್ಲಿ ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಶೇ 27 ಮಂದಿಗೆ, ಅದರ ಜಾಗದಲ್ಲಿ ಪ್ಲಸೀಬೊ (ಔಷಧವಿಲ್ಲದ ಹುಸಿ ಗುಳಿಗೆ) ತೆಗೆದುಕೊಂಡವರಲ್ಲಿ ಶೇ 64 ಮಂದಿಗೆ. ಗುಳಿಗೆ ಬಿಡಬಾರದೆನ್ನಲು ಬೇರೆ ಯಾವ ವಾದವೂ ನನಗೆ ಇಷ್ಟು ಗಟ್ಟಿಯಾಗಿ ಕಂಡಿಲ್ಲ.

ಇನ್ನು ದುಡ್ಡು. ಮೊದಲು, ದುಬಾರಿಯಾಗಿ ಬಂದ ಕ್ಲೊಜಪೀನ್. ಬೇರೆ ಔಷಧಗಳಿಗೆ ಬಗ್ಗದ ರೋಗಿಗಳಿಗೆ ಕ್ಲೊಜಪೀನ್ ಕೊಟ್ಟಾಗ ಶೇ 30 ಮಂದಿ ಚೇತರಿಸಿಕೊಂಡರು, ಹಳೆಯ ಔಷಧದಲ್ಲಿ ಶೇ 4. ಇದು 1988ರ ಫಲಿತಾಂಶ. ವಿಚಿತ್ರವೆಂದರೆ ಅದು ಡಿ2 ಹಿಡಿಯುವುದು ಹೆಚ್ಚಾಗಿ ಶೇ 65ಕ್ಕಿಂತ ಕಡಿಮೆ. ಮೊದಲ ಮೂರು ಅಂಕಿಗಳು ಅದಕ್ಕೆ ಹೊಂದುವುದಿಲ್ಲ. ಕ್ಲೊಜಪೀನ್ ತೆಗೆದುಕೊಳ್ಳುವ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಲ್ಲಿ ಬಿಳಿ ರಕ್ತಕಣ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಹಾಗಾಗಿ 1990ರಲ್ಲಿ ಅಮೆರಿಕದಲ್ಲಿ ರಕ್ತಪರೀಕ್ಷೆಯನ್ನೂ ಸೇರಿಸಿಯೇ ಮಾರಿದರು: ವರ್ಷಕ್ಕೆ 8,944 ಡಾಲರ್. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹೊಸ ಔಷಧ ಕೊಬೆನ್ಫಿ ಡೋಪಮಿನ್ ರಿಸೆಪ್ಟರನ್ನು ಮುಟ್ಟುವುದೇ ಇಲ್ಲ, ಮಸ್ಕರಿನಿಕ್ ರಿಸೆಪ್ಟರ್ ಮೂಲಕ ಕೆಲಸ ಮಾಡುತ್ತದೆ. ಬಿಡುಗಡೆಯಾದಾಗ ಅಲ್ಲಿ ಅದರ ಪಟ್ಟಿ ಬೆಲೆ ತಿಂಗಳಿಗೆ 1,850 ಡಾಲರ್ ಇತ್ತು.

ನಮ್ಮಲ್ಲಿ ಹಳೆಯ ಗುಳಿಗೆಗಳು ಅಗ್ಗ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆದರೂ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮನೋವಿಕಾರದ ತೀವ್ರ ಕಾಯಿಲೆ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಚಿಕಿತ್ಸೆಯಿಂದ ಹೊರಗೆ. ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ಓಡಾಟಕ್ಕೂ ಕುಟುಂಬ ಆಗ ಕೈಯಿಂದ ಹಾಕುತ್ತಿದ್ದದ್ದು ತಿಂಗಳಿಗೆ 1,000ದಿಂದ 1,500 ರೂಪಾಯಿ. ಆ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟಿದ್ದ 300ಕ್ಕೊಬ್ಬರು ಎಂಬ ಲೆಕ್ಕವನ್ನು 2011ರ ಜನಗಣತಿಯ 6.11 ಕೋಟಿಗೆ ಹಚ್ಚಿದರೆ ನಮ್ಮ ರಾಜ್ಯದಲ್ಲಿ ಸುಮಾರು ಎರಡು ಲಕ್ಷ ರೋಗಿಗಳು.

ಕ್ಲೊಜಪೀನ್ ಶುರು ಮಾಡಿದವರಿಗೆ ರೂಢಿಯ ಕ್ರಮದಲ್ಲಿ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ. ರೋಗಿಯಾದ ಮಗನ ಜೊತೆಗೆ ತಾಯಿ ಬಂದರೆ ಶಕ್ತಿ ಯೋಜನೆಯಲ್ಲಿ ಆಕೆಗೆ ಬಸ್ ಪುಕ್ಕಟೆ, ಮಗನಿಗೆ ಟಿಕೆಟ್. ಆದರೆ ಆಕೆಯ ಕೂಲಿ ತಪ್ಪುತ್ತದೆ: 2025-26ರಲ್ಲಿ ಇಲ್ಲಿಯ ನರೇಗಾ ದರ ದಿನಕ್ಕೆ 370 ರೂಪಾಯಿ ಇತ್ತು, ಆ ಲೆಕ್ಕದಲ್ಲಿ 18 ದಿನಕ್ಕೆ 6,660. ಪರೀಕ್ಷೆಗೆ ಬೇಕಾದದ್ದು ಸಾಮಾನ್ಯ ರಕ್ತಕಣ ಎಣಿಕೆಯಷ್ಟೆ. ಅದು ಜಿಲ್ಲಾ ಆಸ್ಪತ್ರೆಯ ಬದಲು ಊರ ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆಳಗ್ಗೆ ಒಂಬತ್ತಕ್ಕೇ ಮುಗಿದರೆ ಆಕೆ ಹತ್ತಕ್ಕೆ ಕೆಲಸದಲ್ಲಿರಬಹುದು.