ಟಿಕ್ ಟಿಕ್ ಅಂದ್ರೆ ಟ್ಯಾಪೆಟ್ಟೇ ಅಂತಲ್ಲ

ನಮ್ಮ ಪುತ್ತೂರು, ಸುಳ್ಯ, ಕಡಬ ಕಡೆ ಗಾಡಿಯ ಇಂಜಿನ್ ಟಿಕ್ ಟಿಕ್ ಅಂತ ಶುರು ಮಾಡಿದ್ರೆ ಸಿಗೋ ಉತ್ತರ ಎರಡೇ. ಒಂದು, "ಅದು ಟ್ಯಾಪೆಟ್ ಮಾರಾಯ, ಎಂತ ಆಗುದಿಲ್ಲ, ಓಡಿಸು." ಇನ್ನೊಂದು, "ಇಂಜಿನ್ ಕೆಲಸ ಉಂಟು, ಬಿಚ್ಚಬೇಕು." ಮೊದಲನೇದಕ್ಕೆ ಖರ್ಚು ಸೊನ್ನೆ. ಎರಡನೇದಕ್ಕೆ ಹೆಚ್ಚು ಕಡಿಮೆ ಒಂದು ಸೆಮಿಸ್ಟರ್ ಫೀಸು. ನಿಜವಾದ ಕಾರಣ ಹೆಚ್ಚಿನ ಸಲ ಇವೆರಡರ ನಡುವೆ ಎಲ್ಲೋ ಇರ್ತದೆ. ಅದನ್ನು ಹುಡುಕಲಿಕ್ಕೆ ಬೇಕಾದ ಲೆಕ್ಕ ನಮ್ಮ ಸೆಕೆಂಡ್ ಇಯರ್ ಸಿಲೆಬಸ್ಸಿನಲ್ಲೇ ಉಂಟು.

ಈ ಲೇಖನದ ಗಾಡಿ ಕಡಬದ ಹತ್ತಿರದ ನಮ್ಮ ಮನೆಯ ಮಾರುತಿ ಓಮ್ನಿ. ಅಡಿಕೆ ಮಾರಲಿಕ್ಕೆ ಪುತ್ತೂರಿಗೆ, ಅಜ್ಜಿಯನ್ನು ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ಲಿಕ್ಕೆ, ಮದುವೆ, ಬೊಜ್ಜ, ಜಾತ್ರೆ, ಎಲ್ಲದಕ್ಕೂ ಅದೊಂದೇ. ಟಿಕ್ ಶಬ್ದಕ್ಕೆ ಒಂದು ಗ್ಯಾರೇಜಿನಲ್ಲಿ ಹೆಡ್ ಇಳಿಸಬೇಕು ಅಂದ್ರು. ಅಷ್ಟು ಹಾಕುವ ಬದಲು ಗುಜರಿಗೆ ಕೊಡುವ ಅಂತ ಅಪ್ಪ ಲೆಕ್ಕ ಹಾಕ್ತಾ ಇದ್ರು. ಬಿಚ್ಚುವ ಮೊದಲು ಒಂದು ಸಲ ಸರಿಯಾಗಿ ಕೇಳಿ ನೋಡುವ ಅಂತ ರಜೆಯಲ್ಲಿ ನಾವು ಮೂವರು ಕೂತೆವು.

ಮೊದಲು ಆಯಿಲ್. ಬೇರೆ ಎಲ್ಲ ಪರೀಕ್ಷೆ ಆಮೇಲೆ. ಆಯಿಲ್ ಕಡಿಮೆ ಆದ್ರೆ ಅಥವಾ ನೀರಿನ ಹಾಗೆ ತೆಳು ಆಗಿದ್ರೆ ಮೇಲಿನ ಭಾಗಕ್ಕೆ, ಅಂದ್ರೆ ಕ್ಯಾಮ್ ಮತ್ತು ರಾಕರ್‌ಗಳಿಗೆ, ಸರಿಯಾಗಿ ತಲುಪುವುದಿಲ್ಲ, ಲೋಹ ಲೋಹಕ್ಕೆ ಬಡೀತದೆ. ಡಿಪ್‌ಸ್ಟಿಕ್ ನೋಡುವಾಗ ಗಾಡಿ ಸಮತಟ್ಟಾಗಿ ನಿಂತಿರ್ಬೇಕು. ನಮ್ಮ ಗುಡ್ಡದ ಮನೆಗಳಲ್ಲಿ ಅಂಥ ಜಾಗ ಅಂದ್ರೆ ಅಂಗಳ ಮಾತ್ರ, ಅಲ್ಲಿ ಅಡಿಕೆ ಒಣಗ್ಲಿಕ್ಕೆ ಹಾಕಿರ್ತಾರೆ. ಆದ್ರೂ ಒಂದು ಮೂಲೆ ಖಾಲಿ ಮಾಡಿಸಿ ಅಲ್ಲೇ ನೋಡಿ. ಇಳಿಜಾರಿನಲ್ಲಿ ನೋಡಿದ ಲೆವೆಲ್ ನಂಬಲಿಕ್ಕಾಗುದಿಲ್ಲ.

ಆಯಿಲ್ ಸರಿ ಉಂಟು ಅಂತಾದ್ರೆ ಮುಂದಿನ ಪ್ರಶ್ನೆ, ಶಬ್ದ ಎಷ್ಟು ಸಲ ಬರ್ತದೆ? ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು. ಒಂದು ವಾಲ್ವ್ ಎರಡು ಕ್ರ್ಯಾಂಕ್ ಸುತ್ತಿಗೆ ಒಮ್ಮೆ ಮಾತ್ರ ತೆರೀತದೆ. ಐಡಲ್‌ನಲ್ಲಿ 900 ಆರ್‌ಪಿಎಂ ಇದ್ರೆ ಕ್ರ್ಯಾಂಕ್ ಸೆಕೆಂಡಿಗೆ 15 ಸುತ್ತು, ಒಂದು ಸಡಿಲ ವಾಲ್ವಿನ ಟಿಕ್ ಸೆಕೆಂಡಿಗೆ 7.5. ಕಿವಿಗೆ ಇವೆರಡೂ "ವೇಗವಾಗಿ" ಅಂತ ಮಾತ್ರ ಕೇಳ್ತದೆ. ಓಮ್ನಿಯಲ್ಲಿ ಟ್ಯಾಕೋಮೀಟರ್ ಬೇರೆ ಇಲ್ಲ. ಹಾಗಾದ್ರೆ ಆರ್‌ಪಿಎಂ ಗೊತ್ತಾಗುದು ಹೇಗೆ?

ಸೈಲೆನ್ಸರಿನಿಂದ. 796 ಸಿಸಿಯ ಈ ಇಂಜಿನ್‌ಗೆ ಮೂರು ಸಿಲಿಂಡರ್. ಎರಡು ಕ್ರ್ಯಾಂಕ್ ಸುತ್ತಿಗೆ ಮೂರು ಸಲ ಹೊಗೆ ಹೊರಗೆ ತಳ್ಳಬೇಕು. ಒಂದು ಫೋನನ್ನು ಸೈಲೆನ್ಸರ್ ಬಾಯಿಯ ಹತ್ತಿರ (ಬಿಸಿ ತಾಗದ ಹಾಗೆ), ಇನ್ನೊಂದನ್ನು ಇಂಜಿನ್ ಹತ್ತಿರ ಇಟ್ಟು ಒಟ್ಟಿಗೆ ರೆಕಾರ್ಡ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಆಡಾಸಿಟಿಗೆ ಹಾಕಿ ಝೂಮ್ ಮಾಡಿದೆವು. ಐದು ಸೆಕೆಂಡಿನಲ್ಲಿ ಹಿಂದಿನ ಫೋನಿನಲ್ಲಿ 114 ಉಬ್ಬು, ಮುಂದಿನದ್ದರಲ್ಲಿ 38 ಟಿಕ್. ಸರಿಯಾಗಿ ಮೂರರಲ್ಲಿ ಒಂದು. ಅಂದ್ರೆ ಟಿಕ್ ಬರುವುದು ಎರಡು ಕ್ರ್ಯಾಂಕ್ ಸುತ್ತಿಗೆ ಒಮ್ಮೆ, ಇಂಜಿನ್ ಓಡ್ತಾ ಇರುವುದು 912 ಆರ್‌ಪಿಎಂನಲ್ಲಿ. ಮೂರು ಉಬ್ಬಿಗೆ ಎರಡು ಟಿಕ್ ಬಂದಿದ್ರೆ ಅದು ಕ್ರ್ಯಾಂಕಿನ ವೇಗ, ಆಗ ಕೆಳಗಿನ ಭಾಗದ ಬಗ್ಗೆ ಯೋಚನೆ ಮಾಡ್ಬೇಕಿತ್ತು.

ಇಲ್ಲಿಗೇ "ಟ್ಯಾಪೆಟ್" ಅಂತ ಬರೆದು ಕೆಳಗೆ ಗೆರೆ ಎಳೀಬೇಡಿ. ಎರಡು ಸುತ್ತಿಗೆ ಒಮ್ಮೆ ಆಗುವ ಕೆಲಸಗಳು ಇಂಜಿನ್‌ನಲ್ಲಿ ತುಂಬಾ ಉಂಟು. ಎಕ್ಸಾಸ್ಟ್ ಗ್ಯಾಸ್ಕೆಟ್ ಒಂದು ಸಿಲಿಂಡರ್ ಹತ್ತಿರ ಸೋರಿದ್ರೆ ಅದೂ ಆಗಲೇ ಟಿಕ್ ಅನ್ನುತ್ತದೆ. ಸಡಿಲ ಆದ ಸ್ಪಾರ್ಕ್ ಪ್ಲಗ್ಗಿನ ಬುಡದಿಂದ ಗಾಳಿ ಹಾರಿದ್ರೂ ಅದೇ ಲೆಕ್ಕ. ಇಂಜೆಕ್ಟರ್ ಇರುವ ಗಾಡಿಯಲ್ಲಿ ಇಂಜೆಕ್ಟರ್ ತೆರೆದು ಮುಚ್ಚುವ ಸಣ್ಣ ಟಿಕ್ ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಮ್ಮೂರಿಗೇ ವಿಶೇಷ ಅನ್ನಬಹುದಾದ ಇನ್ನೊಂದು ಕಾರಣ ಇಲಿ. ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಯ ಪ್ಲಗ್ ವಯರನ್ನು ಇಲಿ ಕಡಿದು, ಮೇಲಿಂದ ಜೂನ್ ತಿಂಗಳ ತೇವ ಸೇರಿದ್ರೆ ಕರೆಂಟು ಪ್ಲಗ್ಗಿಗೆ ಹೋಗದೆ ಹತ್ತಿರದ ಲೋಹಕ್ಕೆ ಹಾರ್ತದೆ. ಅದೂ ಟಿಕ್ ಟಿಕ್. ರಾತ್ರಿ ಲೈಟ್ ಆರಿಸಿ ನೋಡಿದ್ರೆ ನೀಲಿ ಕಿಡಿ ಕಾಣ್ತದೆ. ಸುಳ್ಯದ ನಮ್ಮ ಗೆಳೆಯನ ಮನೆಯ ಮಾರುತಿ 800ರ ಕಾಯಿಲೆ ಅದೇ ಆಗಿತ್ತು, ವಯರ್ ಸೆಟ್ ಬದಲಾಯಿಸಿದ್ರು, ಮುಗೀತು. ಕೈಯಲ್ಲಿ ಮಾತ್ರ ಮುಟ್ಲಿಕ್ಕೆ ಹೋಗ್ಬೇಡಿ, ಅದು ಸಾವಿರಾರು ವೋಲ್ಟು.

ಹಾಗಾಗಿ ಎಷ್ಟು ಸಲ ಅನ್ನುವುದರ ಜೊತೆಗೆ ಎಲ್ಲಿಂದ, ಯಾವಾಗ ಅಂತಲೂ ಕೇಳ್ಬೇಕು. ಎಲ್ಲಿಂದ ಅನ್ನುವುದಕ್ಕೆ ಮೆಕ್ಯಾನಿಕ್‌ಗಳು ಉದ್ದ ಸ್ಕ್ರೂಡ್ರೈವರ್ ಹಿಡಿ ಕಿವಿಗೆ ಒತ್ತಿ ಕೇಳ್ತಾರೆ. ಲೋಹದೊಳಗಿನ ಬಡಿತ ಅದರಲ್ಲಿ ಚೆನ್ನಾಗಿ ಬರ್ತದೆ. ಗಾಳಿ ಸೋರುವ ಶಬ್ದಕ್ಕೆ ಅದಕ್ಕಿಂತ ಒಳ್ಳೇದು ತೋಟಕ್ಕೆ ತಂದ ಡ್ರಿಪ್ ಪೈಪಿನ ಒಂದು ಮೀಟರ್ ತುಂಡು. ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿ ಜಾಯಿಂಟುಗಳ ಮೇಲೆ ಆಡಿಸ್ತಾ ಹೋಗಿ. ಬೆಲ್ಟಿನಿಂದ ದೂರ ಇರಿ, ಶಾಲು, ಉದ್ದ ಕೂದಲು, ಸಡಿಲ ತೋಳು ಯಾವುದೂ ಬೇಡ.

ಯಾವಾಗ ಅನ್ನುವುದು ಇನ್ನೂ ಹೆಚ್ಚು ಹೇಳ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಜೋರಾಗಿದ್ದು ಬಿಸಿಯಾದ ಮೇಲೆ ಕಡಿಮೆ ಆದ್ರೆ, ಚಡಾವು ಹತ್ತುವಾಗ ಮತ್ತೆ ಜೋರಾದ್ರೆ ಎಕ್ಸಾಸ್ಟ್ ಸೋರಿಕೆ ಅಂತ ಸಂಶಯ ಪಡಿ. ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಲೋಡ್ ಬಂದಾಗ ಒತ್ತಡ ಏರಿ ಪುನಃ ಹಾರ್ತದೆ. ಟ್ಯಾಪೆಟ್ ಹಾಗಲ್ಲ, ಲೋಡ್ ಇರಲಿ ಬಿಡಲಿ, ಆರ್‌ಪಿಎಂ ಜೊತೆಗೆ ಮಾತ್ರ ಏರಿ ಇಳೀತದೆ. ಸ್ವಿಫ್ಟಿನ 1.3 ಲೀಟರ್ ಡೀಸೆಲ್ ಥರದ ಇಂಜಿನ್‌ಗಳಲ್ಲಿ ಗ್ಯಾಪನ್ನು ಆಯಿಲ್ ಒತ್ತಡವೇ ಸರಿ ಮಾಡಿಕೊಳ್ಳುವ ಹೈಡ್ರಾಲಿಕ್ ವ್ಯವಸ್ಥೆ ಇರ್ತದೆ. ಅದರಲ್ಲಿ ಸ್ಟಾರ್ಟ್ ಮಾಡಿದ ಒಂದೆರಡು ಸೆಕೆಂಡು ಟಿಕ್ ಬಂದು ನಿಂತ್ರೆ ಪರವಾಗಿಲ್ಲ, ನಿಲ್ಲದಿದ್ರೆ ಆಯಿಲ್ ಕಡೆ ನೋಡಿ, ಸ್ಕ್ರೂ ತಿರುಗಿಸುವ ಕೆಲಸ ಅಲ್ಲಿ ಇಲ್ಲ.

ಎಲ್ಲರೂ ಹೆದರುವ ಬೇರಿಂಗ್ ಶಬ್ದ ನಿಜ ಹೇಳ್ಬೇಕಂದ್ರೆ ಟಿಕ್ ಅಲ್ಲವೇ ಅಲ್ಲ. ಅದು ಭಾರವಾದ ಡಬ್ ಡಬ್, ಲೋಡ್ ಬಂದಾಗ ಜೋರು. ಸಂಶಯ ಇದ್ರೆ ಒಂದೊಂದೇ ಸಿಲಿಂಡರನ್ನು ಸುಮ್ಮನಾಗಿಸಿ ನೋಡುವ ಕ್ರಮ ಉಂಟು. ಎಂಪಿಎಫ್‌ಐ ಗಾಡಿಯಾದ್ರೆ ಪ್ಲಗ್ ವಯರ್ ಕೀಳುವುದು ಬೇಡ, ಆ ಸಿಲಿಂಡರಿನ ಇಂಜೆಕ್ಟರ್ ಕನೆಕ್ಟರ್ ತೆಗೆದ್ರೆ ಸಾಕು. ಕಾಯಿಲ್ ಉಳೀತದೆ, ಉರಿಯದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗುವುದಿಲ್ಲ. ಉರಿಯುವುದು ನಿಂತಾಗ ಬೇರಿಂಗ್ ಬಡಿತವೂ ಎಕ್ಸಾಸ್ಟ್ ಸೋರಿಕೆಯೂ ಕಡಿಮೆ ಆಗ್ತದೆ, ಟ್ಯಾಪೆಟ್ ಏನೂ ಬದಲಾಗುದಿಲ್ಲ. ಡಬ್ ಡಬ್ ಜೊತೆಗೆ ಆಯಿಲ್ ಲೈಟೂ ಹತ್ತಿದ್ರೆ ಪರೀಕ್ಷೆ ಎಲ್ಲ ಬಿಡಿ, ಇಂಜಿನ್ ಆಫ್ ಮಾಡಿ ಎಳೆಸ್ಕೊಂಡು ಹೋಗಿ. ಸಂಪಾಜೆ ಘಾಟಿ ಹತ್ತಿಸಿ ನೋಡುವ ಅನ್ನುವ ಧೈರ್ಯ ಬೇಡ.

ನಮ್ಮ ಓಮ್ನಿಯಲ್ಲಿ ಎರಡನೇ ಸಿಲಿಂಡರಿನ ಹತ್ತಿರ ಟಿಕ್ ಜೋರು, ಇಂಜೆಕ್ಟರ್ ತೆಗೆದಾಗ ಸ್ವಲ್ಪ ಮಾತ್ರ ಕಡಿಮೆ. ಪೂರ್ತಿ ಟ್ಯಾಪೆಟ್ ಅನ್ನಲಿಕ್ಕೂ ಆಗುದಿಲ್ಲ, ಪೂರ್ತಿ ಸೋರಿಕೆ ಅನ್ನಲಿಕ್ಕೂ ಆಗುದಿಲ್ಲ. ಸುಲಭದ್ದು ಮೊದಲು ಅಂತ ಟ್ಯಾಪೆಟ್ ಕವರ್ ತೆಗೆದೆವು.

ಇಲ್ಲಿ ಒಂದು ವಿಷಯ. ಗ್ಯಾಪ್ ಯಾಕೆ ಬೇಕು ಅಂತ ಕೇಳಿದ್ರೆ ನಾವೆಲ್ಲ ಬರೆಯುವ ಉತ್ತರ "ಬಿಸಿಗೆ ವಾಲ್ವ್ ಉದ್ದ ಆಗ್ತದೆ, ಗ್ಯಾಪ್ ಕಡಿಮೆ ಆಗ್ತದೆ." ಆದ್ರೆ ಈ ಇಂಜಿನ್‌ಗೆ ಹೇಳುವ ಅಳತೆ ತಣ್ಣಗಿದ್ದಾಗ 0.15 ಮಿ.ಮೀ., ಬಿಸಿಯಾಗಿದ್ದಾಗ 0.25 ಮಿ.ಮೀ. ಬಿಸಿಯಾದಾಗ ಗ್ಯಾಪ್ ಜಾಸ್ತಿ! ಕಾರಣ ಹೆಡ್ ಅಲ್ಯೂಮಿನಿಯಂ, ವಾಲ್ವ್ ಉಕ್ಕು. ಅಲ್ಯೂಮಿನಿಯಂ ಡಿಗ್ರಿಗೆ ದಶಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗುತ್ತದೆ, ಉಕ್ಕು ಸುಮಾರು 12. ರಾಕರ್‌ಗಳನ್ನು ಹೊತ್ತ ಹೆಡ್ ವಾಲ್ವಿಗಿಂತ ಹೆಚ್ಚು ಬೆಳೆದು ರಾಕರನ್ನೇ ಮೇಲೆ ಎತ್ತುತ್ತದೆ. 100 ಮಿ.ಮೀ. ಉದ್ದ, 60 ಡಿಗ್ರಿ ಏರಿಕೆ ಅಂತ ಒರಟಾಗಿ ಹಿಡಿದ್ರೆ ವ್ಯತ್ಯಾಸ 0.07 ಮಿ.ಮೀ. ಬರ್ತದೆ. ಆದ್ದರಿಂದ ಬಿಸಿ ಇಂಜಿನ್‌ಗೆ ತಣ್ಣಗಿನ ಅಳತೆ ಹಾಕಿದ್ರೆ ಗ್ಯಾಪ್ ಬಿಗಿಯಾಗಿ ಹೋಗ್ತದೆ. ನಿಮ್ಮ ಗಾಡಿಯ ಅಳತೆ ನಿಮ್ಮ ಮ್ಯಾನುವಲ್‌ನಲ್ಲಿ ನೋಡಿ, ಓಮ್ನಿಯದ್ದನ್ನು ಬೇರೆಯದ್ದಕ್ಕೆ ಹಾಕ್ಬೇಡಿ.

ಬಿಗಿ ಆದ್ರೆ ಏನಾಗ್ತದೆ? ಶಬ್ದ ಪೂರ್ತಿ ನಿಲ್ತದೆ, ಎಲ್ಲರಿಗೂ ಖುಷಿ. ಆದ್ರೆ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಿಡುವುದೇ ಸೀಟಿಗೆ ತಾಗಿ ಕೂತಾಗ. ಕೂರದಿದ್ರೆ ಅಂಚು ಸುಟ್ಟು ಕಂಪ್ರೆಷನ್ ಹೋಗ್ತದೆ, ಆಗ ನಿಜವಾಗಿಯೂ ಹೆಡ್ ಇಳಿಸಬೇಕು. ಸ್ವಲ್ಪ ಶಬ್ದ ಮಾಡುವ ಟ್ಯಾಪೆಟ್‌ಗಿಂತ ಏನೂ ಶಬ್ದ ಮಾಡದ ಟ್ಯಾಪೆಟ್ ಅಪಾಯ. ಎಲ್‌ಪಿಜಿಯಲ್ಲಿ ಓಡುವ ಓಮ್ನಿಗಳಲ್ಲಿ ಸೀಟು ಬೇಗ ಸವೆದು ಗ್ಯಾಪ್ ತಾನಾಗಿಯೇ ಬಿಗಿಯಾಗುವುದುಂಟು, ಅವುಗಳನ್ನು ಶಬ್ದಕ್ಕೆ ಕಾಯದೆ ಅಳೆದು ನೋಡ್ಬೇಕು.

ಅಳೆಯುವುದು ಕಷ್ಟದ ಕೆಲಸ ಅಲ್ಲ. ರಾತ್ರಿ ಪೂರ್ತಿ ನಿಂತ ಗಾಡಿ, ಕೀ ಆಫ್, ಪ್ಲಗ್ ಮೂರೂ ಹೊರಗೆ, ಟಾಪ್ ಗೇರಿಗೆ ಹಾಕಿ ಅಂಗಳದಲ್ಲಿ ಮೆಲ್ಲ ದೂಡಿದ್ರೆ ಇಂಜಿನ್ ತಿರುಗ್ತದೆ. ಒಂದು ಸಿಲಿಂಡರಿನ ಕ್ಯಾಮ್ ಮೂಗುಗಳು ಎರಡೂ ರಾಕರ್‌ಗಳನ್ನು ಒತ್ತದೆ, ಪಿಸ್ಟನ್ ಮೇಲೆ ಇರುವಾಗ ನಿಲ್ಲಿಸಿ. ಆ ಸಿಲಿಂಡರಿನ ಎರಡು ವಾಲ್ವ್ ಈಗ ಅಳೀಬಹುದು. 0.15ರ ಫೀಲರ್ ಗೇಜ್ ಸ್ವಲ್ಪ ಹಿಡಿದ ಹಾಗೆ ಜಾರ್ಬೇಕು. ಇಲ್ಲದಿದ್ರೆ ಲಾಕ್ ನಟ್ ಸಡಿಲಿಸಿ, ಸ್ಕ್ರೂ ತಿರುಗಿಸಿ, ಸ್ಕ್ರೂ ಅಲ್ಲಾಡದ ಹಾಗೆ ಹಿಡಿದು ನಟ್ ಬಿಗಿ ಮಾಡಿ, ಪುನಃ ಅಳೆಯಿರಿ. ನಟ್ ಬಿಗಿ ಮಾಡುವಾಗ ಗ್ಯಾಪ್ ಬದಲಾಗ್ತದೆ, ಈ ಪುನಃ ಅಳೆಯುವುದನ್ನು ಅವಸರದಲ್ಲಿ ಬಿಡುವವರೇ ಜಾಸ್ತಿ. ಮುಂದಿನ ಸಿಲಿಂಡರಿಗೆ ಕ್ರ್ಯಾಂಕ್ 240 ಡಿಗ್ರಿ ತಿರುಗಬೇಕು, ಕ್ರಮ 1, 3, 2.

ಆರರಲ್ಲಿ ಐದು ಹೆಚ್ಚು ಕಡಿಮೆ ಸರಿ ಇದ್ದವು. ಎರಡನೇ ಸಿಲಿಂಡರಿನ ಎಕ್ಸಾಸ್ಟ್ ಮಾತ್ರ 0.30. ಇನ್ನೊಂದು ಸಂಗತಿಯೂ ನೆನಪಿರಲಿ. ರಾಕರಿನ ತುದಿ ಸವೆದು ಗುಳಿ ಬಿದ್ದಿದ್ರೆ ಚಪ್ಪಟೆ ಫೀಲರ್ ಗುಳಿಯ ಮೇಲೆ ಸೇತುವೆಯ ಹಾಗೆ ಕೂತು ಇರುವುದಕ್ಕಿಂತ ಕಡಿಮೆ ಗ್ಯಾಪ್ ತೋರಿಸ್ತದೆ. ಎಷ್ಟು ಸಲ ಸೆಟ್ ಮಾಡಿದ್ರೂ ಟಿಕ್ ಹೋಗದ ಗಾಡಿಗಳಲ್ಲಿ ಇದನ್ನು ನೋಡಿ. ನಮ್ಮದರಲ್ಲಿ ಗುಳಿ ಇರಲಿಲ್ಲ.

ಸೆಟ್ ಮಾಡಿ ಸ್ಟಾರ್ಟ್ ಮಾಡಿದಾಗ ಮುಕ್ಕಾಲು ಪಾಲು ಶಬ್ದ ಹೋಯ್ತು. ಉಳಿದ ಕಾಲು ಪಾಲು ತಣ್ಣಗಿದ್ದಾಗ ಮಾತ್ರ. ಡ್ರಿಪ್ ಪೈಪ್ ಹಿಡಿದು ಒಬ್ಬರು ಕೂತೆವು, ಇನ್ನೊಬ್ಬರು ದಪ್ಪ ಒದ್ದೆ ಬಟ್ಟೆಯಲ್ಲಿ ಸೈಲೆನ್ಸರ್ ಬಾಯಿಯನ್ನು ಎರಡು ಸೆಕೆಂಡು ಅರ್ಧ ಮುಚ್ಚಿದ್ರು. ಒಳಗೆ ಒತ್ತಡ ಏರಿ ಮ್ಯಾನಿಫೋಲ್ಡಿನ ಒಂದು ಮೂಲೆಯಿಂದ ಪಟ್ ಪಟ್ ಅಂತ ಸ್ಪಷ್ಟ ಕೇಳಿತು. ಟಾರ್ಚ್ ಹಾಕಿದಾಗ ಅಲ್ಲೇ ಮಸಿಯ ಕಪ್ಪು ಗೆರೆ, ಒಂದು ನಟ್ಟೇ ಇಲ್ಲ. ಮಣ್ಣಿನ ರಸ್ತೆಯಲ್ಲಿ ಎಲ್ಲಿ ಬಿತ್ತೋ.

ಶಬ್ದಕ್ಕಿಂತ ನಮಗೆ ಹೆದರಿಕೆ ಆದದ್ದು ಇದರಿಂದ. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಅಲ್ಲಿ ಸೋರಿದ ಹೊಗೆ ಮುಚ್ಚಳದ ರಬ್ಬರ್ ಹಳೇದಾಗಿದ್ರೆ ನೇರ ಒಳಗೆ ಬರ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಳೆಗಾಲದಲ್ಲಿ ಕಡಬದಿಂದ ಪುತ್ತೂರಿಗೆ ಗ್ಲಾಸ್ ಏರಿಸಿಕೊಂಡೇ ಹೋಗುವುದು, ಅಜ್ಜಿ ಕೂರುವುದು ಮುಂದಿನ ಸೀಟಿನಲ್ಲೇ. "ಅದು ಟ್ಯಾಪೆಟ್, ಓಡಿಸು" ಅನ್ನುವ ಸಲಹೆ ಎಲ್ಲಿ ಕೆಡ್ತದೆ ಅಂದ್ರೆ ಇಲ್ಲಿ.

ಮ್ಯಾನಿಫೋಲ್ಡ್ ನಟ್ಟುಗಳಿಗೆ ಮನೆಯಲ್ಲಿ ಕೈ ಹಾಕಲಿಲ್ಲ. ತುಕ್ಕು ಹಿಡಿದ ಸ್ಟಡ್ ಹೆಡ್ಡಿನೊಳಗೇ ತುಂಡಾದ್ರೆ ಅದನ್ನು ತೆಗೆಯುವ ಸಾಮಾನು ನಮ್ಮ ಹತ್ತಿರ ಇಲ್ಲ. ಪರಿಚಯದ ಮೆಕ್ಯಾನಿಕ್ ಅಣ್ಣನಿಗೆ ರೆಕಾರ್ಡಿಂಗ್ ಕೇಳಿಸಿ, ಮಸಿ ಗೆರೆ ತೋರಿಸಿದೆವು. ಅವರು ಹಿಂದಿನ ದಿನವೇ ಸ್ಟಡ್‌ಗಳಿಗೆ ಎಣ್ಣೆ ಬಿಟ್ಟು, ಮರುದಿನ ಗ್ಯಾಸ್ಕೆಟ್ ಮತ್ತು ನಟ್ಟುಗಳನ್ನು ಹೊಸತು ಹಾಕಿದ್ರು. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಕೂಡ ಬದಲಾಯಿಸಿ ಅಂದ್ರು, ಹಳೇದನ್ನೇ ಹಾಕಿದ್ರೆ ಆಯಿಲ್ ಜಿನುಗಿ ಬಿಸಿ ಮ್ಯಾನಿಫೋಲ್ಡಿನ ಮೇಲೆ ಬಿದ್ದು ಹೊಗೆ ಬರ್ತದೆ ಅಂತ. ಸೀಟಿನಡಿಯ ಮುಚ್ಚಳಕ್ಕೆ ಹೊಸ ರಬ್ಬರ್ ಪಟ್ಟಿಯೂ ಬಂತು. ಎಲ್ಲ ಸೇರಿ ಆದ ಖರ್ಚು ಅಪ್ಪ ಅಂದುಕೊಂಡದ್ದರಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲ. ಹೆಡ್ ಇದ್ದಲ್ಲೇ ಉಂಟು. ಓಮ್ನಿ ಈಗಲೂ ಸಣ್ಣಕೆ ಟಿಕ್ ಅನ್ನುತ್ತದೆ, ಅದು 0.15ರ ಟಿಕ್. ಸಾವಿರ ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಅಳೀಬೇಕು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಮೀಟರ್ ರೀಡಿಂಗ್ ಬರೆದಿಟ್ಟಿದ್ದೇವೆ.